ಟ್ಯೂಬ್‌ಲೈಟಿನ ಕೆಳಗೆ ನಾಲ್ಕು ಬೊಟ್ಟು

ನಮ್ಮ ಶೆಡ್ಡಿಗೆ ಟ್ಯೂಬ್‌ಲೈಟು ಬಂದದ್ದು ಆ ವರ್ಷದ ಆಯುಧಪೂಜೆಗೆ. ಅದಕ್ಕೆ ಮೊದಲು ಒಂದೊಂದು ಮಿಷನ್ನಿನ ಮೇಲೂ ಒಂದೊಂದು ಹಳದಿ ಬಲ್ಬು ತಗಡಿನ ಟೋಪಿ ಹಾಕಿಕೊಂಡು ಕೈಗೆಟುಕುವ ಎತ್ತರದಲ್ಲಿ ನೇತಾಡುತ್ತಿತ್ತು. ಅದರ ಬಿಸಿಗೆ ಹಣೆ ಬೆವರುತ್ತಿತ್ತು, ಸಂಜೆಯಾದರೆ ಹುಳ ಮುತ್ತುತ್ತಿತ್ತು. ಪೂಜೆಯ ಹಿಂದಿನ ದಿನ ಮಿಷನ್ನುಗಳನ್ನು ಸೀಮೆಎಣ್ಣೆ ಹಾಕಿ ಒರೆಸುವಾಗ ಬಲ್ಬುಗಳನ್ನು ವೈರಿನ ಸಮೇತ ಬಿಚ್ಚಿದರು. ಮತ್ತೆ ಕಟ್ಟಲಿಲ್ಲ. ಓನರ್ರು ಚಾವಣಿಗೆ ಸಾಲಾಗಿ ಟ್ಯೂಬು ಹಾಕಿಸಿದ್ದರು. ಪೂಜೆಯ ಸಂಜೆ ಸ್ವಿಚ್ಚು ಹಾಕಿದಾಗ ಅವು ಪಕ ಪಕ ಅಂದು ಒಂದೊಂದಾಗಿ ಹತ್ತಿಕೊಂಡವು. ಗೋಡೆಯ ಮಸಿ, ನೆಲದ ಎಣ್ಣೆಕಲೆ, ನಮ್ಮೆಲ್ಲರ ಮುಖ, ಎಲ್ಲವೂ ಒಮ್ಮೆಲೇ ಬಿಳಿಚಿಕೊಂಡವು.

"ಹಗಲಾದಂಗಾಯ್ತಲ್ಲಪ್ಪ! ಇನ್ಮೇಲೆ ಯಾರಾದ್ರೂ ಕಣ್ಣು ಕಾಣ್ಲಿಲ್ಲ ಅಂದ್ರೆ ಕನ್ನಡಕ ಕೊಡಿಸ್ತೀನಿ, ಬಲ್ಬು ಮಾತ್ರ ಕೊಡ್ಸಲ್ಲ" ಅಂದರು ಓನರ್ರು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದ ಆ ಶೆಡ್ಡು ನಾಗಸಂದ್ರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನಲ್ಲಿ, ಪಂಪುಗಳಿಗೆ ಬೇಕಾದ ಹಿತ್ತಾಳೆಯ ಬಿಡಿಭಾಗಗಳನ್ನು ಅಲ್ಲಿ ಮಾಡುತ್ತಿದ್ದರು. ನಾನು ಭೌತಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ, ಮೇಷ್ಟ್ರ ಕೆಲಸ ಸಿಗುವವರೆಗೆ ಅಂತ ಅಲ್ಲಿ ತಯಾರಾದ ಭಾಗಗಳ ಅಳತೆ ನೋಡುವ ಕೆಲಸಕ್ಕೆ ಸೇರಿದ್ದೆ. ಕಿಟಕಿಯ ಪಕ್ಕ ನನ್ನ ಮೇಜು. ಎದುರಿನ ಗೋಡೆಯ ಹತ್ತಿರ, ಇಪ್ಪತ್ತು ಅಡಿ ದೂರದಲ್ಲಿ, ನನ್ನ ಅಣ್ಣನ ಪಾಲಿಶ್ ಮಿಷನ್ನು. ನಡುವೆ ಹಿತ್ತಾಳೆ ಕಡೆಯುವ ಲೇತುಗಳು.

ಅಣ್ಣ ನನಗಿಂತ ಮೊದಲೇ ಅಲ್ಲಿದ್ದವನು. ಪಿಯುಸಿಯಲ್ಲಿ ಭೌತಶಾಸ್ತ್ರವೊಂದು ಅವನಿಗೆ ಉಳಿದುಹೋಗಿತ್ತು. ಎಷ್ಟೋ ಸಲ ಕಟ್ಟಿದ್ದ, ಎಷ್ಟೋ ಸಲ ಬಿಟ್ಟಿದ್ದ. ಅದೊಂದು ಪಾಸಾದರೆ ಹೆದ್ದಾರಿಯ ಆಚೆಗಿದ್ದ ದೊಡ್ಡ ಕಾರ್ಖಾನೆಯ ಟ್ರೈನಿಂಗಿಗೆ ಅರ್ಜಿ ಹಾಕಬಹುದಿತ್ತು. ವಯಸ್ಸಿನ ಮಿತಿಯಲ್ಲಿ ಅವನಿಗೆ ಉಳಿದಿದ್ದದ್ದು ಅದೇ ಕೊನೆಯ ವರ್ಷ. ಪರೀಕ್ಷೆ ದಸರಾ ಕಳೆದ ಮೇಲೆ, ದೀಪಾವಳಿಗಿಂತ ಮುಂಚೆ. ಹಾಗಾಗಿ ಆ ತಿಂಗಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾನು ಅವನಿಗೆ ಪಾಠ ಹೇಳುತ್ತಿದ್ದೆ. ಮುದ್ದೆಯ ಡಬ್ಬಿ ಮುಚ್ಚಿಟ್ಟು, ಕೈ ಒರೆಸಿಕೊಂಡು, "ಶುರು ಮಾಡಿ ಟೀಚರಮ್ಮ" ಅನ್ನುತ್ತಿದ್ದ. ತಂಗಿಯ ಕೈಲಿ ಹೇಳಿಸಿಕೊಳ್ಳುವ ಮುಜುಗರವನ್ನು ಆ ಒಂದು ಮಾತಿನಲ್ಲಿ ದಾಟಿಬಿಡುತ್ತಿದ್ದ.

ಬೆಳಕು, ಎ.ಸಿ. ಕರೆಂಟು, ವಿದ್ಯುತ್ಕಾಂತೀಯ ತರಂಗ, ಈ ಮೂರು ಅಧ್ಯಾಯಗಳಿಂದ ಲೆಕ್ಕ ಬಂದೇ ಬರುತ್ತದೆ ಅಂತ ಅವನ್ನೇ ಹಿಡಿದುಕೊಂಡಿದ್ದೆವು. ಸೂತ್ರ ಅವನಿಗೆ ಬೇಗ ಬರುತ್ತಿತ್ತು. ಅಂಕಿಗಳ ತಲೆಯ ಮೇಲೆ ಕೂರುವ ಮೈನಸ್ ಎಂಟು, ಮೈನಸ್ ಹತ್ತು ಮಾತ್ರ ಏನು ಮಾಡಿದರೂ ಬರುತ್ತಿರಲಿಲ್ಲ. ರೇಡಿಯೋ ಅಲೆಯಿಂದ ಗಾಮಾ ಕಿರಣದವರೆಗೆ ಸಾಲಾಗಿ ಹೇಳುವವನು ತರಂಗಾಂತರ ಕೇಳಿದರೆ ಒಂದರದ್ದು ಇನ್ನೊಂದಕ್ಕೆ ಹಾಕುತ್ತಿದ್ದ.

"ಎಕ್ಸ್-ರೇದು ಹತ್ತರ ಮೈನಸ್ ಎರಡು."

"ಅದು ಒಂದು ಸೆಂಟಿಮೀಟರ್ ಕಣೋ ಅಣ್ಣ. ಎಕ್ಸ್-ರೇ ಅಷ್ಟು ದಪ್ಪ ಇರುತ್ತಾ?"

"ನಾನೇನ್ ಕಂಡಿದ್ದೀನಾ? ನನ್ ಮೂಳೆ ಇದುವರೆಗೂ ಮುರಿದಿಲ್ಲವಲ್ಲ."

ಪಕ್ಕದಲ್ಲಿ ಬೀಡಿ ಹಚ್ಚುತ್ತಿದ್ದ ಲೇತಿನ ಟರ್ನರಣ್ಣ ನಗುತ್ತಿದ್ದರು. "ಪರೀಕ್ಷೆಗೆ ಮುಂಚೆ ಒಂದು ಮುರ್ಕೊಂಡ್ ಬಾ ಮಗಾ, ನೆನಪಲ್ಲಿ ಉಳೀತದೆ."

ಇಂಥ ಮಾತುಗಳು ದಿನಕ್ಕೆ ನೂರು ಆಡುತ್ತೇವೆ. ಇದೊಂದು ಮಾತ್ರ ನನಗೆ ಮರೆಯುತ್ತಿಲ್ಲ.

ಪಾಲಿಶ್ ಮಿಷನ್ನು ಅಂದರೆ ಬಹಳ ಸರಳ. ಒಂದು ಮೋಟರು, ಅದರ ಅಚ್ಚಿನ ತುದಿಗೇ ನೇರವಾಗಿ ಕೂರಿಸಿದ ದಪ್ಪ ಕಬ್ಬಿಣದ ಚಕ್ರ. ಅದಕ್ಕೆ ಚಕ್ ಅನ್ನುತ್ತಾರೆ. ಚಕ್ಕಿನ ಮುಖದಲ್ಲಿ ನಾಲ್ಕು ದವಡೆಗಳು. ಅವು ಹಿತ್ತಾಳೆಯ ತುಂಡನ್ನು ಕಚ್ಚಿ ಹಿಡಿದು ಗಿರಗಿರ ತಿರುಗಿಸುತ್ತವೆ, ಅಣ್ಣ ಅದಕ್ಕೆ ಮರಳುಕಾಗದದಂಥ ಎಮೆರಿ ಬಟ್ಟೆ ಒತ್ತಿ ಹೊಳಪು ತರುತ್ತಿದ್ದ. ತುಂಡು ಮುಗಿದ ಕೂಡಲೇ ಎಡಗೈಯಿಂದ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆಳೆಯುವುದು. ಕರೆಂಟು ಹೋದರೂ ಚಕ್ಕು ಸುಮ್ಮನೆ ನಿಲ್ಲುವುದಿಲ್ಲ, ತೂಕದ ಚಕ್ರ, ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ. ಅಷ್ಟು ಹೊತ್ತು ಕಾಯುವವರು ಯಾರು? ಬಲಗೈಯಲ್ಲಿ ಎಣ್ಣೆ ಒರೆಸುವ ವೇಸ್ಟ್ ಬಟ್ಟೆ ಹಿಡಿದು, ವೇಗ ಇಳಿದ ಚಕ್ಕಿನ ಅಂಚಿಗೆ ಅಂಗೈ ಒತ್ತಿ ನಿಲ್ಲಿಸುವುದು. ಪೀಣ್ಯದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಓಡುವ ಕರುವಿನ ಕುತ್ತಿಗೆಗೆ ಕೈ ಹಾಕಿ ನಿಲ್ಲಿಸಿದಂತೆ ಇರುತ್ತಿತ್ತು ನೋಡಲು. ಎಡಗೈ ಹಿಡಿಕೆಗೆ, ಬಲಗೈ ಚಕ್ಕಿಗೆ. ಎರಡೂ ಸೇರಿ ಒಂದೇ ಚಲನೆ. ಅಣ್ಣ ಅದನ್ನು ದಿನಕ್ಕೆ ಎಷ್ಟು ಸಲ ಮಾಡುತ್ತಿದ್ದನೋ, ಅವನ ಕೈಗಳು ಅವನನ್ನು ಕೇಳುತ್ತಲೇ ಇರಲಿಲ್ಲ.

ಆಯುಧಪೂಜೆಯ ದಿನ ಅವನೇ ಆ ಚಕ್ಕಿಗೆ ವಿಭೂತಿ ಬಳಿದು, ನಾಲ್ಕು ದವಡೆಗಳಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟಿಟ್ಟಿದ್ದ. ಎಣ್ಣೆಕುಂಕುಮ ಕಬ್ಬಿಣಕ್ಕೆ ಕಚ್ಚಿಕೊಂಡರೆ ಬಹಳ ದಿನ ಹೋಗುವುದಿಲ್ಲ. ಅಳಿಸಬಾರದು ಅಂತಲೂ ಇದೆ, ತಾನಾಗಿ ಹೋಗಬೇಕು. ಅವನ ತಲೆಯ ಮೇಲಿನ ಟ್ಯೂಬಿನ ಪಟ್ಟಿಗೆ ಸ್ಟೂಲು ಹತ್ತಿ ನಾನು ಅರಿಸಿನ ಹಚ್ಚಿದ್ದೆ.

ಪೂಜೆಯ ರಜೆ ಕಳೆದು ಕೆಲಸ ಶುರುವಾದ ಸಂಜೆ ಅಣ್ಣ ನನ್ನನ್ನು ಕೂಗಿದ. "ಏಯ್, ಬಾರೇ ಇಲ್ಲಿ! ಚಕ್ಕಿಗೆ ದೇವ್ರು ಬಂದದೆ."

ಹೋಗಿ ನೋಡಿದೆ. ಮೋಟರು ಪೂರ್ತಿ ವೇಗದಲ್ಲಿ ಮೊರೆಯುತ್ತಿತ್ತು. ಹಳದಿ ಬಲ್ಬಿನ ಕಾಲದಲ್ಲಾದರೆ ಕುಂಕುಮ ಕಲಸಿ ಕೆಂಪು ಬಳೆಯಂತೆ ಕಾಣಬೇಕಿತ್ತು. ಈಗ ನಾಲ್ಕು ಬೊಟ್ಟು ನಾಲ್ಕಾಗಿಯೇ, ಬಿಡಿಬಿಡಿಯಾಗಿ, ನಿಧಾನವಾಗಿ ಹಿಂದುಹಿಂದಕ್ಕೆ ತಿರುಗುತ್ತಿದ್ದವು. ಮಗುವಿನ ತೊಟ್ಟಿಲ ಮೇಲೆ ಕಟ್ಟಿದ ಗಿರಗಿಟ್ಟಲೆ ಗಾಳಿ ನಿಂತ ಮೇಲೆ ತಿರುಗುವಂತೆ.

ನನಗೆ ಖುಷಿಯೋ ಖುಷಿ. ಪುಸ್ತಕದಲ್ಲಿದ್ದ ಪಾಠ ಕಣ್ಣೆದುರಿಗೇ ಇತ್ತು. ಮಾರನೆಯ ಮಧ್ಯಾಹ್ನ ಅದನ್ನೇ ಹೇಳಿಕೊಟ್ಟೆ. ಎ.ಸಿ. ಕರೆಂಟು ಸೆಕೆಂಡಿಗೆ ಐವತ್ತು ಸಲ ಹೋಗಿ ಬರುತ್ತದೆ. ಹೋಗುವಾಗೊಮ್ಮೆ ಬರುವಾಗೊಮ್ಮೆ ಸೊನ್ನೆ ಮುಟ್ಟುತ್ತದೆ. ಆದ್ದರಿಂದ ಟ್ಯೂಬು ಸೆಕೆಂಡಿಗೆ ನೂರು ಸಲ ಮಂಕಾಗಿ ನೂರು ಸಲ ಬೆಳಗುತ್ತದೆ. ಹಳದಿ ಬಲ್ಬಿನ ತಂತಿ ಕೆಂಪಗೆ ಕಾದಿರುವುದರಿಂದ ಅಷ್ಟು ಬೇಗ ಆರಲು ಅದಕ್ಕೆ ಪುರಸೊತ್ತಿಲ್ಲ, ಟ್ಯೂಬಿಗಿದೆ. ಮೋಟರಿನ ತಗಡಿನ ಮೇಲೆ ನಿಮಿಷಕ್ಕೆ 1440 ಸುತ್ತು ಅಂತ ಬರೆದಿದೆ, ಅಂದರೆ ಸೆಕೆಂಡಿಗೆ ಇಪ್ಪತ್ತನಾಲ್ಕು. ಟ್ಯೂಬು ಒಮ್ಮೆ ಬೆಳಗಿ ಮತ್ತೆ ಬೆಳಗುವಷ್ಟರಲ್ಲಿ ಚಕ್ಕು ಕಾಲು ಸುತ್ತಿಗಿಂತ ಒಂದಿಷ್ಟು ಕಡಿಮೆ ತಿರುಗುತ್ತದೆ. ಹಿಂದಿನ ದವಡೆ ಮುಂದಿನದರ ಜಾಗಕ್ಕೆ ಬರಲು ಕೂದಲೆಳೆಯಷ್ಟು ಬಾಕಿ ಇರುವಾಗಲೇ ಬೆಳಕು ಬೀಳುತ್ತದೆ. ಕಣ್ಣಿಗೆ ಎಲ್ಲ ದವಡೆಯೂ ಒಂದೇ. ಅದೇ ದವಡೆ ಚೂರು ಹಿಂದೆ ಸರಿಯಿತು ಅಂತ ತಿಳಿಯುತ್ತದೆ.

"ಅಂದ್ರೆ ಕಣ್ಣು ಸುಳ್ ಹೇಳ್ತದೆ ಅನ್ನು" ಅಂದ ಅಣ್ಣ.

"ಕಣ್ಣಲ್ಲ, ಬೆಳಕು. ನೆನಪಿಟ್ಕೋ, ಅದು ನಿಧಾನವಾಗಿ ಹಿಂದಕ್ಕೆ ತಿರುಗೋದು ಕಂಡ್ರೆ ಪೂರ್ತಿ ಓಡ್ತಾ ಇದೆ ಅಂತ. ನಿಜವಾಗಿ ನಿಲ್ತಾ ಇದ್ರೆ ಕೊನೇಲಿ ಮುಂದಕ್ಕೇ ತಿರುಗಿ ನಿಲ್ಲುತ್ತೆ."

"ಆಯ್ತು ಟೀಚರಮ್ಮ. ಹಿಂದಕ್ಕೆ ಅಂದ್ರೆ ಓಟ, ಮುಂದಕ್ಕೆ ಅಂದ್ರೆ ನಿಲುಗಡೆ." ಆಮೇಲೆ ನಾನು ಹೇಳಿದಂತೆ ಟ್ಯೂಬಿನ ಕೆಳಗೆ ಕೈ ಬೀಸಿ ನೋಡಿದ. ಐದು ಬೆರಳು ಹತ್ತಾಗಿ, ಹದಿನೈದಾಗಿ, ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡು ಕಂಡವು. "ಇಷ್ಟ್ ಬೆರಳಿದ್ರೆ ಓನರ್ರು ಇಬ್ರ ಕೆಲ್ಸ ಹೇಳ್ತಾರೆ" ಅಂತ ಕೈ ಹಿಂದಕ್ಕೆ ಬಚ್ಚಿಟ್ಟುಕೊಂಡ.

ಕೆಲವು ದಿನ ಅದೊಂದು ಆಟವಾಯಿತು. ಪಕ್ಕದ ಶೆಡ್ಡಿನವರೂ ಬಂದು ನೋಡಿದರು. ಓನರ್ರು ಮಾಲು ಒಯ್ಯಲು ಬಂದವರಿಗೆಲ್ಲ ಮೊದಲು ಚಕ್ಕು ತೋರಿಸಿ ಆಮೇಲೆ ಕಾಫಿ ತರಿಸುತ್ತಿದ್ದರು. ಆಟ ಮುಗಿದ ಮೇಲೆ ನನಗೆ ಭಯವಾಯಿತು. ಇಂಥ ಜಾಗದಲ್ಲಿ ಎಲ್ಲ ಟ್ಯೂಬುಗಳನ್ನೂ ಒಂದೇ ಲೈನಿಗೆ ಕೊಡಬಾರದು, ಮೂರು ಫೇಸಿಗೆ ಹಂಚಬೇಕು, ಆಗ ಒಂದು ಮಂಕಾದಾಗ ಇನ್ನೊಂದು ಬೆಳಗಿರುತ್ತದೆ, ಅಥವಾ ಮಿಷನ್ನಿಗೊಂದು ಹಳದಿ ಬಲ್ಬು ಇರಲೇಬೇಕು ಅಂತ ಪುಸ್ತಕದಲ್ಲಿ ಓದಿದ್ದೆ. ಓನರ್ರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಕೇಳಿಸಿಕೊಂಡರು.

"ಹೌದೇನಮ್ಮ? ಹಂಗಿದ್ರೆ ಮಾಡ್ಸಾಣ. ಎಲೆಕ್ಟ್ರಿಷಿಯನ್ ಊರಿಗೋಗವ್ನೆ, ದೀಪಾವಳಿ ಕಳೀಲಿ" ಅಂದರು. "ಎಲ್ರಿಗೂ ಗೊತ್ತಲ್ಲ ಈಗ. ಗೊತ್ತಿದ್ದೋನು ಯಾರಾದ್ರೂ ಕೈ ಇಡ್ತಾನಾ?"

ನನಗೂ ಹಾಗೆಯೇ ಅನ್ನಿಸಿತ್ತು. ಗೊತ್ತಿದ್ದವನು ಯಾರು ಕೈ ಇಡುತ್ತಾನೆ?

ಅದು ನಡೆದ ಸಂಜೆ ಮೋಡ ಮುಚ್ಚಿತ್ತು. ಪರೀಕ್ಷೆಗೆ ಒಂದು ವಾರವಿತ್ತು. ಅಣ್ಣ ಮಧ್ಯಾಹ್ನ ಒಂದು ಲೆಕ್ಕವನ್ನು ನನ್ನ ಸಹಾಯವಿಲ್ಲದೆ ಮಾಡಿ, ಚಾಕ್‌ಪೀಸಿನಲ್ಲಿ ಗೋಡೆಯ ಮೇಲೆ ಉತ್ತರ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದ. ಅವನ ಹಿಂದೆ ಆ ಗೆರೆಗಳು ನನಗೆ ಕಾಣುತ್ತಿದ್ದವು. ಟರ್ನರಣ್ಣನ ಲೇತು ಕಿರುಗುಟ್ಟುತ್ತಿತ್ತು, ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ಸು ಧಡ್ ಧಡ್ ಅಂತ ಬೀಳುತ್ತಿತ್ತು. ನಾನು ಒಂದು ತುಂಡನ್ನು ಅಳೆದು ತಲೆಯೆತ್ತಿದೆ. ಆಗ ಕರೆಂಟು ಹೋಯಿತು.

ಹೋಯಿತು ಅನ್ನುವಷ್ಟರಲ್ಲಿ ಬಂತು. ಅಂಥದ್ದು ಆಗ ಎಷ್ಟೋ ಸಲ ಆಗುತ್ತಿತ್ತು, ಒಂದು ರೆಪ್ಪೆ ಬಡಿದಷ್ಟು. ಆದರೆ ಟ್ಯೂಬುಗಳು ಆರಿದರೆ ಕೂಡಲೇ ಹತ್ತುವುದಿಲ್ಲ. ತುದಿಗಳಲ್ಲಿ ಕೆಂಪಗೆ ಮಿಣುಕಿ, ಪಕ ಪಕ ಅಂದು, ಯೋಚನೆ ಮಾಡಿ ಹತ್ತುತ್ತವೆ. ಆ ಹೊತ್ತಿನಲ್ಲಿ ಶೆಡ್ಡಿನೊಳಗೆ ಕಿಟಕಿಯ ಬೂದು ಬೆಳಕು ಮಾತ್ರ. ಮೋಟರುಗಳಿಗೆ ಯೋಚನೆಯಿಲ್ಲ. ಹಿಡಿಕೆ ಮೇಲಿದ್ದದ್ದರಿಂದ ಅವು ಆಗಲೇ ಮೊದಲಿನ ವೇಗಕ್ಕೆ ಬಂದಿದ್ದವು. ಎಲ್ಲ ಮಿಷನ್ನುಗಳೂ ಒಟ್ಟಿಗೆ ಮೊರೆಯುವಾಗ ತನ್ನದು ಯಾವುದು ಅಂತ ಯಾರಿಗೂ ಕೇಳುವುದಿಲ್ಲ.

ಕರೆಂಟು ಹೋದರೆ ಮೊದಲು ಹಿಡಿಕೆ ಕೆಳಗೆಳೆಯಬೇಕು ಅನ್ನುವುದು ಶೆಡ್ಡಿನ ನಿಯಮ. ಅಣ್ಣ ಅದನ್ನೇ ಮಾಡಲು ಹೊರಟಿದ್ದ. ದೀಪ ಆರಿದ್ದನ್ನು ಕಂಡಿದ್ದ, ಮೋಟರು ನಿಲ್ಲುತ್ತಿದೆ ಅಂತ ಅವನ ಮೈಗೆ ಗೊತ್ತಾಗಿತ್ತು. ಎಡಗೈ ಹಿಡಿಕೆಯ ಕಡೆ ಚಾಚಿತ್ತು, ಇನ್ನೂ ಮುಟ್ಟಿರಲಿಲ್ಲ. ಆಗ ಅವನ ತಲೆಯ ಮೇಲಿನ ಟ್ಯೂಬು ಹತ್ತಿತು.

ನಾಲ್ಕು ಬೊಟ್ಟುಗಳು ನಿಧಾನವಾಗಿ ತಿರುಗುತ್ತಿದ್ದವು. ಇನ್ನೇನು ನಿಲ್ಲುತ್ತವೆ ಅನ್ನುವ ಹಾಗೆ.

ಹಿಂದಕ್ಕೆ ತಿರುಗುತ್ತಿದ್ದವು.

ನಾನು ಕಂಡೆ. ಅವನ ಬಲಗೈ ವೇಸ್ಟ್ ಬಟ್ಟೆಯ ಸಮೇತ ಎದ್ದದ್ದನ್ನೂ ಕಂಡೆ. ಅವನ ಮುಖದಲ್ಲಿ ಏನೂ ಇರಲಿಲ್ಲ, ಬೇಸರವೂ ಇರಲಿಲ್ಲ, ಅವಸರವೂ ಇರಲಿಲ್ಲ. ಬಾಗಿಲು ಮುಚ್ಚಲು ಕೈ ಚಾಚುವವನ ಮುಖ. "ಅಣ್ಣಾ" ಅಂತ ಕೂಗಿದೆ. ಕೂಗಿದ್ದು ನನಗೇ ಕೇಳಲಿಲ್ಲ. ಪ್ರೆಸ್ಸು ಬಿದ್ದಿತು.

ಅಂಗೈ ಚಕ್ಕಿನ ಅಂಚನ್ನು ಮುಟ್ಟಿತು. ಬಟ್ಟೆ ದವಡೆಗೆ ಸಿಕ್ಕಿ ಕೈಯನ್ನು ಒಳಗೆಳೆಯಿತು. ಅವನು ಹಿಂದಕ್ಕೆ ಎಸೆದಂತೆ ಹೋಗಿ ಗೋಡೆಗೆ, ಆ ಲೆಕ್ಕದ ಮೇಲೆ, ಬೆನ್ನು ತಾಗಿಸಿ ನಿಂತ. ಹಿಡಿಕೆ ಎಳೆದವರು ಟರ್ನರಣ್ಣ. ಚಕ್ಕು ತನ್ನಷ್ಟಕ್ಕೆ ತಿರುಗಿ, ತಿರುಗಿ, ಕೊನೆಗೆ ಮುಂದಕ್ಕೇ ತಿರುಗುತ್ತಾ ನಿಂತಿತು. ಆಗ ಕುಂಕುಮ ಯಾವುದು ಅಂತ ತಿಳಿಯುವಂತಿರಲಿಲ್ಲ.

"ಇದು ನಿಂತಿತ್ತಲ್ಲೇ" ಅಂದ ಅಣ್ಣ, ನನ್ನನ್ನು ನೋಡಿ. "ನಿಂತಿತ್ತು, ನಾನ್ ನೋಡ್ದೆ."

ಮಾಲು ಸಾಗಿಸುವ ಟೆಂಪೋದಲ್ಲಿ ಅವನನ್ನು ಮಲಗಿಸಿದೆವು. ಓನರ್ರು ತಮ್ಮ ಬಿಳಿ ಪಂಚೆಯ ಅಂಚು ಹರಿದು ಕೈಗೆ ಸುತ್ತಿದರು. ತುಮಕೂರು ರಸ್ತೆಯಲ್ಲಿ ಲಾರಿಗಳ ಸಾಲು. ಓನರ್ರು ಟೆಂಪೋದಿಂದ ಇಳಿದು ಮುಂದೆ ಮುಂದೆ ಓಡುತ್ತಾ, ಲಾರಿಗಳ ಬಾಗಿಲು ಬಡಿದು, "ಅಣ್ಣಾ, ಸ್ವಲ್ಪ ಜಾಗ ಬಿಡಿ ಅಣ್ಣಾ" ಅಂತ ಬೇಡುತ್ತಿದ್ದರು. ನಾನು ಅಣ್ಣನ ಮೊಣಕೈ ಹಿಡಿದು ಎತ್ತಿಕೊಂಡು ಕೂತಿದ್ದೆ. ನಾನು ಮಾಡಬಹುದಾಗಿದ್ದದ್ದು ಅಷ್ಟೇ. ಅವನ ಕಣ್ಣು ಮುಚ್ಚಿತ್ತು. ಒಮ್ಮೆ ತೆರೆದು, "ಬಲಗೈ ಅಲ್ವಾ?" ಅಂದ. ಹೌದು ಅಂದೆ. "ಪರೀಕ್ಷೆ" ಅಂದು ಮತ್ತೆ ಮುಚ್ಚಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್-ರೇ ತೆಗೆಸಿ, ಹಸಿ ಹಾಳೆಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಅಣ್ಣನ ಕೈ ಅಲ್ಲಿ ಬೆಳ್ಳಗೆ ತೂಗಿತು. ತೋರುಬೆರಳು, ನಡುಬೆರಳು ಇರಬೇಕಾದ ಕಡೆ ಅಕ್ಕಿಕಾಳು ಚೆಲ್ಲಿದಂತಿತ್ತು. ಅವೆರಡೂ ಉಳಿಯುವುದಿಲ್ಲ ಅಂದರು. ಅಣ್ಣ ಆ ಹಾಳೆಯನ್ನೇ ನೋಡುತ್ತಿದ್ದ. ಸೂಜಿಯ ಮದ್ದಿಗೆ ನಾಲಿಗೆ ದಪ್ಪಗಾಗಿತ್ತು.

"ಹತ್ತರ ಮೈನಸ್ ಹತ್ತು ಮೀಟರ್" ಅಂದ. "ಸರಿಯಾ ಟೀಚರಮ್ಮ?"

ಸರಿ ಅಂದೆ. ಮೊದಲ ಸಲ ಅವನು ಅದನ್ನು ಸರಿಯಾಗಿ ಹೇಳಿದ್ದ. ಡಾಕ್ಟರು ನಮ್ಮಿಬ್ಬರ ಮುಖ ನೋಡಿ, ನನ್ನನ್ನು ಹೊರಗೆ ಹೋಗಿ ನೀರು ಕುಡಿಯಲು ಹೇಳಿದರು.

ಆ ಸಂಜೆಯನ್ನು ನಾನು ಲೆಕ್ಕ ಮಾಡುವಂತೆ ಮತ್ತೆ ಮತ್ತೆ ಮಾಡುತ್ತೇನೆ. ಚಕ್ಕಿನಿಂದ ನನ್ನ ಕಣ್ಣಿಗೆ ಇಪ್ಪತ್ತು ಅಡಿ. ಬೆಳಕಿಗೆ ಅದು ದೂರವೇ ಅಲ್ಲ. ನನ್ನ ಬಾಯಿಂದ ಅವನ ಕಿವಿಗೂ ಅದೇ ಇಪ್ಪತ್ತು ಅಡಿ. ಶಬ್ದ ಅದನ್ನು ದಾಟುವಷ್ಟರಲ್ಲಿ ಟ್ಯೂಬು ಎರಡು ಸಲವೂ ಪೂರ್ತಿ ಮಿನುಗುವುದಿಲ್ಲ, ಚಕ್ಕು ಅರ್ಧ ಸುತ್ತೂ ತಿರುಗುವುದಿಲ್ಲ. ಅಂದರೆ ಬೆಳಕಿಗೂ ಹೊತ್ತಿತ್ತು, ಶಬ್ದಕ್ಕೂ ಹೊತ್ತಿತ್ತು. ನಡುವೆ ಒಬ್ಬಳು ಕಂಡು, ತಿಳಿದು, ಬಾಯಿ ತೆರೆಯಬೇಕಲ್ಲ, ಅದಕ್ಕೆ ಎಷ್ಟು ಹೊತ್ತು ಅಂತ ಯಾವ ಪುಸ್ತಕದ ಹಿಂದಿನ ಪುಟದಲ್ಲೂ ಉತ್ತರವಿಲ್ಲ. ಕೂಗಬೇಕಿದ್ದ ಮಾತನ್ನೂ ಬದಲಾಯಿಸಿ ನೋಡುತ್ತೇನೆ. "ಕೈ" ಅನ್ನಬೇಕಿತ್ತೇ? "ಬೇಡ" ಅನ್ನಬೇಕಿತ್ತೇ? "ಹಿಂದಕ್ಕೆ" ಅಂದಿದ್ದರೆ ಅವನಿಗೆ ಪಾಠ ನೆನಪಾಗುತ್ತಿತ್ತೇ? ಯಾವುದನ್ನು ಹಾಕಿದರೂ ಪ್ರೆಸ್ಸು ಬೀಳುತ್ತದೆ, ಕೈ ಹೋಗಿ ಮುಟ್ಟುತ್ತದೆ. ಅವನಿಗೆ ಗೊತ್ತಿತ್ತು. ಆಮೇಲೆ ಕೇಳಿದಾಗಲೂ ತಪ್ಪಿಲ್ಲದೆ ಹೇಳಿದ, ಹಿಂದಕ್ಕೆ ಅಂದ್ರೆ ಓಟ ಅಂತ. ಅವನಿಗೆ ಗೊತ್ತಿದ್ದದ್ದು ಅವನ ಅಂಗೈಗೆ ಗೊತ್ತಿರಲಿಲ್ಲ. ಅದನ್ನು ಅಲ್ಲಿಗೆ ತಲುಪಿಸುವ ದಾರಿ ನನಗೂ ತಿಳಿದಿರಲಿಲ್ಲ, ಇವತ್ತಿಗೂ ತಿಳಿದಿಲ್ಲ.

ಪರೀಕ್ಷೆಯ ದಿನ ಅಣ್ಣ ಎಂದಿನಂತೆ ಎದ್ದ. ಅವ್ವ ಅವನಿಗೆ ಅಂಗಿ ತೊಡಿಸುತ್ತಾ, "ಎಡಗೈಯಾಗೆ ಬರೆಯಾಕಾಗಲ್ವೇನೋ? ಒಂಚೂರು ಸೊಟ್ಟಗೆ ಬಂದ್ರೂ ಓದ್ಕೊಳ್ಳಲ್ವಾ ಅವ್ರು?" ಅಂದಳು. ಅಣ್ಣ, "ಓದ್ಕೊಳ್ತಾರೆ ಕಣವ್ವ" ಅಂದ. ಜಗಲಿಯ ಮೇಲೆ ಕೂತು, ಪರೀಕ್ಷೆ ಮುಗಿಯುವ ಹೊತ್ತಿನವರೆಗೂ ರಸ್ತೆ ನೋಡುತ್ತಿದ್ದ. ಆಮೇಲೆ ಒಳಗೆ ಬಂದು ಮಲಗಿದ. ಆ ವರ್ಷ ಕಳೆಯಿತು, ವಯಸ್ಸಿನ ಮಿತಿಯೂ ಕಳೆಯಿತು.

ಓನರ್ರು ದೀಪಾವಳಿವರೆಗೆ ಕಾಯಲಿಲ್ಲ. ಅಣ್ಣನ ಕೈ ಹೋದ ಮರುದಿನವೇ ಬೇರೆ ಎಲೆಕ್ಟ್ರಿಷಿಯನ್ನನ್ನು ಹಿಡಿದು ತಂದು ಲೈನು ಬದಲಾಯಿಸಿದರು. ಎಲ್ಲ ಮಿಷನ್ನಿಗೂ ಹಳದಿ ಬಲ್ಬು ಬಂತು. ಅಣ್ಣನ ತಲೆಯ ಮೇಲಿದ್ದ ಟ್ಯೂಬನ್ನು ಪೂರ್ತಿ ಬಿಚ್ಚಿಸಿಬಿಟ್ಟರು. ನಮ್ಮ ಮನೆಗೆ ಅವರು ವಾರಕ್ಕೊಮ್ಮೆ ಹಣ್ಣು ಹಿಡಿದುಕೊಂಡು ಬಂದು ಕೂತು ಹೋಗುತ್ತಿದ್ದರು. ಒಂದು ದಿನ, ನಮ್ಮ ನಡುಮನೆಯಲ್ಲಿ ಬೆಳಕು ಸಾಲದು ಅಂತ ಅವರಿಗೆ ಅನ್ನಿಸಿರಬೇಕು. ಮಾರನೆಯ ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಎಲೆಕ್ಟ್ರಿಷಿಯನ್ನು ಬಂದು ಹೋಗಿದ್ದ. ನಡುಮನೆಯ ಗೋಡೆಯ ಮೇಲೆ ಟ್ಯೂಬ್‌ಲೈಟು. ಅದರ ಪಟ್ಟಿಯ ಮೂಲೆಯಲ್ಲಿ ಪೂಜೆಯ ದಿನ ನಾನೇ ಇಟ್ಟಿದ್ದ ಅರಿಸಿನದ ಗುರುತು ಹಾಗೇ ಇತ್ತು.

"ಹೊಸಾದಂತೆ, ಸುಮ್ಕೆ ಬಿದ್ದಿತ್ತಂತೆ, ಪಾಪ ಕಳ್ಸವ್ರೆ" ಅಂದಳು ಅವ್ವ. "ನೋಡು, ಹಿತ್ಲು ತಂಕ ಬೆಳಕು." ಅವಳ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ಸ್ವಲ್ಪ ಸಂತೋಷವಿತ್ತು. ತೆಗೆಸು ಅಂತ ಯಾವ ಬಾಯಲ್ಲಿ ಹೇಳಲಿ?

ಅಣ್ಣ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಕೈಯ ಪಟ್ಟಿ ಆಗಷ್ಟೇ ಬಿಚ್ಚಿದ್ದರು. ಮೂರು ಬೆರಳಿನ ಆ ಕೈಯನ್ನು ನಾನು ಇನ್ನೂ ಸರಿಯಾಗಿ ನೋಡಿರಲಿಲ್ಲ. ಅವನು ಅದನ್ನು ಟ್ಯೂಬಿನ ಕೆಳಗೆ ಎತ್ತಿ, ಮೆಲ್ಲಗೆ, ಆಮೇಲೆ ಜೋರಾಗಿ ಬೀಸತೊಡಗಿದ.

"ಬಾ ಇಲ್ಲಿ ಟೀಚರಮ್ಮ" ಅಂದ. "ಎಣಿಸು. ಎಲ್ಲಾ ಅವೆ."

ಬೀಸುವ ಕೈಯಲ್ಲಿ ಬೆರಳುಗಳು ಒಂದರ ಹಿಂದೊಂದು ತುಂಬಿಕೊಂಡು ಕಾಣುತ್ತಿದ್ದವು. ಹೋದ ಎರಡರ ಜಾಗದಲ್ಲೂ ಬೆರಳಿದ್ದವು. ಅವ್ವ ಏನೆಂದು ತಿಳಿಯದೆ ನಕ್ಕಳು. ನಾನು ಸ್ವಿಚ್ಚಿನ ಹತ್ತಿರ ನಿಂತಿದ್ದೆ, ಕೈ ಅದರ ಮೇಲೆಯೇ ಇತ್ತು. ಆರಿಸಿದರೆ ಕೈಯಲ್ಲಿ ಮೂರೇ ಉಳಿಯುತ್ತವೆ. ಆರಿಸದೆ ನೋಡುತ್ತಾ ನಿಲ್ಲಲೂ ಆಗುತ್ತಿರಲಿಲ್ಲ.

"ಎಣ್ಸೇ" ಅಂದ ಅಣ್ಣ. ಅವನ ತೋಳು ಸೋಲುತ್ತಿತ್ತು, ಬೀಸುವುದನ್ನು ಮಾತ್ರ ನಿಲ್ಲಿಸಲಿಲ್ಲ.